ಅತ್ತಿಗೆಯ ಕಟ್ಟೆ

ನಮ್ಮ ಹೊಲದ ಕೊನೆಯಲ್ಲಿ ಹರಿಯುತ್ತಿದ್ದ ಹಳ್ಳಕ್ಕೆ ಅಣ್ಣ ಮಣ್ಣಿನ ಒಡ್ಡು ಹಾಕಿಸಿದ್ದು ಯಾವ ಬೆಳೆಗೂ ಅಲ್ಲ, ಅತ್ತಿಗೆ ಈಜಲಿ ಎಂದು. ಅಜ್ಜಂಪುರದ ಕಡೆಯ ಎರೆಭೂಮಿ ನಮ್ಮದು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಬಾವಿಯ ತಳ ಕೆರೆಯಬೇಕಾದ ಊರಿನಲ್ಲಿ ಇಂಥದ್ದನ್ನು ಕೇಳಿದರೆ ಯಾರಾದರೂ ನಗುತ್ತಾರೆ. ನಮ್ಮೂರಿನವರೂ ನಕ್ಕರು.

ಅತ್ತಿಗೆಯ ತವರು ತರೀಕೆರೆಯಿಂದ ಆಚೆ, ಭದ್ರಾ ಹೊಳೆಯ ದಡದಲ್ಲಿತ್ತು. ನಡೆಯಲು ಕಲಿತ ಹಾಗೆಯೇ ಈಜಲೂ ಕಲಿತವಳು ಅವಳು. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳಷ್ಟೆ. ಅಪ್ಪ ಆಗಲೇ ತೀರಿಕೊಂಡಿದ್ದರು; ಮನೆಯಲ್ಲಿದ್ದದ್ದು ಅವ್ವ, ಅಣ್ಣ ಮತ್ತು ನಾನು. ಅತ್ತಿಗೆ ಬಂದ ಮೇಲೆ ಮನೆಗೊಂದು ನಗು ಬಂತು. ಒಬ್ಬರ ತಲೆ ಒಬ್ಬರು ಬಾಚುತ್ತ ನಾವಿಬ್ಬರೂ ಗೆಳತಿಯರಂತಾದೆವು.

ಹೊಳೆಗೆ ದೊಡ್ಡ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಅತ್ತಿಗೆಯ ಊರು ಹಿನ್ನೀರಿನಲ್ಲಿ ಮುಳುಗುತ್ತದೆಂದಾಗಿ ಅವಳ ತವರಿನವರು ಬೇರೆ ಕಡೆ ಕೊಟ್ಟ ಜಮೀನಿಗೆ ಗಂಟುಮೂಟೆ ಕಟ್ಟಿದರು. ಆ ಹೊಸ ಜಾಗ ನೋಡಿಕೊಂಡು ಬಂದವಳನ್ನು ಅವ್ವ, "ಹೆಂಗೈತೆ ಮನೆ?" ಎಂದು ಕೇಳಿದಳು.

"ಚೆನ್ನಾಗಿದೆ. ಹಿತ್ತಲಲ್ಲಿ ಬಾವಿ ತೋಡಿದ್ದಾರೆ" ಎಂದಳು ಅತ್ತಿಗೆ. ಆಮೇಲೆ ಬಹಳ ದಿನ ಅವಳು ತಾನಾಗಿ ಮಾತು ತೆಗೆದದ್ದು ನನಗೆ ನೆನಪಿಲ್ಲ.

ಅಣ್ಣನೂ ಮಾತಿನವನಲ್ಲ. ಆ ಬೇಸಿಗೆ ಮಣ್ಣು ಕೆಲಸದವರನ್ನು ಕರೆಸಿ ಹಳ್ಳದ ಎರಡು ದಿಬ್ಬಗಳ ನಡುವೆ ಒಡ್ಡು ಏರಿಸತೊಡಗಿದ. ಮಣ್ಣು ಸುರಿದಷ್ಟೂ ನೀರು ಚಿಮುಕಿಸಿ, ಗಟ್ಟಿಯಾಗಲೆಂದು ಎತ್ತುಗಳನ್ನು ಅದರ ಮೇಲೆ ಅತ್ತಿತ್ತ ಓಡಾಡಿಸುತ್ತಿದ್ದರು. ಹೆಚ್ಚಾದ ನೀರು ಹೋಗಲೆಂದು ಪಕ್ಕದಲ್ಲೊಂದು ಕೋಡಿ, ಇಳಿಯಲು ಕಲ್ಲುಚಪ್ಪಡಿಯ ಮೆಟ್ಟಿಲು. ಮಗ ಹೊಲಕ್ಕೆ ನೀರು ಮಾಡಿಕೊಳ್ಳುತ್ತಿದ್ದಾನೆಂದು ಅವ್ವನಿಗೆ ಹೆಮ್ಮೆ.

ಮುಂಗಾರಿನಲ್ಲಿ ಕಟ್ಟೆ ತುಂಬಿತು. ಅಣ್ಣ ನಮ್ಮಿಬ್ಬರನ್ನೂ ಒಡ್ಡಿನ ಮೇಲೆ ಕರೆದೊಯ್ದು ನಿಲ್ಲಿಸಿದ.

"ಯಾವ ಹೊಲಕ್ಕೆ ಹಾಯಿಸ್ತೀರಿ?" ಅತ್ತಿಗೆ ಕೇಳಿದಳು.

"ಹೊಲಕ್ಕಲ್ಲ ಕಣೇ. ನಿಂಗೆ ಈಜು ಬತ್ತದಲ್ಲ, ಅದ್ಕೆ."

ಅತ್ತಿಗೆ ಅವನ ಮುಖವನ್ನೊಮ್ಮೆ, ನೀರನ್ನೊಮ್ಮೆ ನೋಡಿದಳು. ಆಮೇಲೆ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ ಇಳಿದೇಬಿಟ್ಟಳು. ಹೆಂಗಸೊಬ್ಬಳು ಈಜುವುದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮನೆಯ ಅತ್ತಿಗೆಯೇ ಅಲ್ಲವೇನೋ ಎನ್ನಿಸಿತು.

ಎರಡು ವರ್ಷ ಹಾಗೆ ನಡೆಯಿತು. ಮಧ್ಯಾಹ್ನ ಊರಿನ ಗಂಡಸರು ಆ ಕಡೆ ಸುಳಿಯದ ಹೊತ್ತಿನಲ್ಲಿ ನಾವು ಹೋಗುತ್ತಿದ್ದೆವು. ನನ್ನ ಹೊಟ್ಟೆಯ ಕೆಳಗೆ ಅಂಗೈಯಿಟ್ಟು ಅತ್ತಿಗೆ ನನಗೂ ಈಜು ಕಲಿಸಿದಳು. ನೀರೆಂದರೆ ಹೆದರುತ್ತಿದ್ದ ಅಣ್ಣ ನಮಗೆ ಬೆನ್ನು ತಿರುಗಿಸಿ ಒಡ್ಡಿನ ಮೇಲೆ ಕಾವಲು ಕೂರುತ್ತಿದ್ದ. ಊರಿನವರು ಅದಕ್ಕೆ ಹೆಂಡ್ತಿ ಕಟ್ಟೆ ಎಂದು ಹೆಸರಿಟ್ಟರು. ಅದು ಅವ್ವನ ಕಿವಿಗೂ ಬಿತ್ತು. "ಒಂದು ಸಾಲು ಮೆಣಸಿನಗಿಡಕ್ಕಾಗದ ನೀರು ಯಾತಕ್ಕೋ?" ಎಂದು ಅವ್ವ ಗೊಣಗುತ್ತಿದ್ದಳು.

ಅತ್ತಿಗೆ ಬಸುರಿಯಾದಳು. ನೀರಿಗಿಳಿಯಬೇಡವೆಂದು ಅವ್ವ ಹೇಳಿದಳು. "ನಮ್ಮೂರಲ್ಲಿ ಬಸುರಿಯರೂ ಈಜ್ತಾರೆ ಅತ್ತೆ, ಏನೂ ಆಗಲ್ಲ" ಎಂದು ಅತ್ತಿಗೆ ನಕ್ಕು ಹೋದಳು. ಐದನೇ ತಿಂಗಳಲ್ಲಿ ಬಸಿರು ಇಳಿದುಹೋಯಿತು. ಅದಕ್ಕೂ ನೀರಿಗೂ ಸಂಬಂಧವಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಅವ್ವನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಜಗಲಿಯಲ್ಲಿ ಕೂತು, ಒಳಕೋಣೆಯಲ್ಲಿ ಮಲಗಿದ್ದವಳಿಗೂ ಕೇಳುವ ಹಾಗೆ, "ನೀನು ಕಟ್ಟಿಸಿದ ಕಟ್ಟೆನೇ ನುಂಗ್ಬಿಡ್ತು ಕಣೋ" ಎಂದು ಅತ್ತಳು.

ಮರುದಿನ ಬೆಳಿಗ್ಗೆ ಅಣ್ಣ ಹಾರೆ ಗುದ್ದಲಿ ಹೆಗಲಿಗೇರಿಸಿ ಹೊರಟ. ನನಗೆ ಅನುಮಾನ ಬಂದು ಹಿಂದೆಯೇ ಓಡಿದೆ. ಅಷ್ಟರಲ್ಲಿ ಅವನು ಒಡ್ಡಿನ ನಡುಮಧ್ಯ ಅಗೆಯುತ್ತಿದ್ದ.

"ಅತ್ತಿಗೇನ ಒಂದ್ಮಾತು ಕೇಳಣ್ಣ" ಎಂದೆ.

"ಅವ್ಳನ್ನ ಏನ್ ಕೇಳೋದೈತೆ? ಮನೆಗೆ ಹೋಗು ನೀನು."

ಎತ್ತುಗಳು ತುಳಿದು ಗಟ್ಟಿಯಾಗಿದ್ದ ಮಣ್ಣು ಬೇಗ ಬಿಡಲಿಲ್ಲ. ಬಿಟ್ಟ ಮೇಲೆ ಮಾತ್ರ ನೀರು ಅವನನ್ನೇ ಎಳೆದೊಯ್ಯುವಂತೆ ನುಗ್ಗಿತು. ಕೆಸರಿನಲ್ಲಿ ಮೀನುಗಳು ಒದ್ದಾಡುತ್ತಿದ್ದವು. ನಾನು ಅಳುತ್ತ ಮನೆಗೆ ಬಂದೆ.

ಅತ್ತಿಗೆ ಎದ್ದು ಹಿತ್ತಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅದು ಮಾಘ ಮಾಸ; ಹಳ್ಳ ಹರಿಯುವ ಕಾಲವೇ ಅಲ್ಲ.

"ಹಳ್ಳದ ಸದ್ದು ಕೇಳ್ತಿದೆಯಲ್ಲೇ. ಎಲ್ಲಾದ್ರೂ ಮಳೆ ಬಂತಾ?"

"ಅಣ್ಣ ಒಡ್ಡು ಕಡಿದ್ಬಿಟ್ಟ ಅತ್ತಿಗೆ" ಎಂದೆ. ಅವಳು ಅಳಲಿಲ್ಲ. ಸದ್ದು ಸಣ್ಣದಾಗುವವರೆಗೂ ಅಲ್ಲೇ ನಿಂತಿದ್ದಳು.

ಮೊಣಕಾಲವರೆಗೂ ಕೆಸರು ಮಾಡಿಕೊಂಡು ಅಣ್ಣ ಬಂದ. ಅತ್ತಿಗೆ ಚೊಂಬಿನಲ್ಲಿ ನೀರು ತಂದು ಅವನ ಕಾಲಿಗೆ ಹಾಕುತ್ತ, ಮೆಲ್ಲಗೆ, "ಕಟ್ಟೋವಾಗ್ಲೂ ನನ್ನ ಕೇಳ್ಲಿಲ್ಲ, ಕಡಿಯೋವಾಗ್ಲೂ ಕೇಳ್ಲಿಲ್ಲ" ಎಂದಳು.

"ನಿಂಗೋಸ್ಕರ ಅಲ್ವೇನೇ ಮಾಡಿದ್ದು?"

"ಹೌದು. ಎರಡೂ ನಂಗೋಸ್ಕರವೇ."

ಮುಂದಿನ ವರ್ಷ ಕಟ್ಟೆಯ ತಳದಲ್ಲಿ ಅಣ್ಣ ಜೋಳ ಬಿತ್ತಿದ. ಮೆಕ್ಕಲು ಮಣ್ಣಲ್ಲವೇ, ತೆನೆ ಚೆನ್ನಾಗಿ ಬಂತು. ಅತ್ತಿಗೆಯೂ ಎಲ್ಲರಂತೆ ಕುಡುಗೋಲು ಹಿಡಿದು ಕೊಯ್ಲಿಗೆ ಬಂದಳು. ಆಮೇಲೊಂದು ಹೆಣ್ಣುಮಗುವೂ ಆಯಿತು. ಮಗು ಹುಟ್ಟಿ ಕೆಲವು ತಿಂಗಳಾದ ಮೇಲೆ ಅಣ್ಣ, ಒಡ್ಡು ಮತ್ತೆ ಕಟ್ಟಿಸೋಣವೇ ಎಂದು ಒಮ್ಮೆ ನನ್ನ ಬಾಯಲ್ಲಿ ಕೇಳಿಸಿದ. "ಬೇಡ ಅಂತ ಹೇಳು" ಎಂದಳು ಅತ್ತಿಗೆ.

ಹೀಗೆ ನನ್ನ ಬಾಯಲ್ಲಿ ಕೇಳುವುದು ಅವರಿಬ್ಬರಿಗೂ ರೂಢಿಯಾಗಿಹೋಗಿತ್ತು. ಜಗಳ ಇರಲಿಲ್ಲ, ಅವನ ಊಟ ಒಂದು ಹೊತ್ತೂ ತಡವಾಗಲಿಲ್ಲ. ಅಣ್ಣ ಎದುರಿಗೇ ಕೂತಿದ್ದರೂ ಅತ್ತಿಗೆ ನನ್ನ ಕಡೆ ತಿರುಗಿ, "ನಿಮ್ಮಣ್ಣಂಗೆ ಹೇಳು, ತಟ್ಟೆ ಇಟ್ಟಿದೀನಿ" ಎನ್ನುತ್ತಿದ್ದಳು. ನಾನು ಮದುವೆಯಾಗಿ ಕಡೂರಿಗೆ ಹೋದೆ. ಮೊದಲ ಹಬ್ಬಕ್ಕೆ ತವರಿಗೆ ಬಂದಾಗ ನೋಡಿದರೆ, ಇನ್ನೂ ತೊದಲುವ ಆ ಮಗು ಅಡುಗೆಮನೆಯಿಂದ ಜಗಲಿಗೆ ಓಡಿಬಂದು, "ಅಪ್ಪಾ, ಊಟಕ್ಕೆ ಬಲಬೇಕಂತೆ" ಎನ್ನುತ್ತಿತ್ತು.