ಸಿಸ್ಟಮ್ ಸರ್ ಹೆಸರಿನಲ್ಲಿ ನಾನು ಮಾಡಿದ್ದು

ಅವರ ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಹರೆಯದಲ್ಲಿ ಹತ್ತಿ ಬಿಡಿಸುವ ಜಿನ್ನಿನ ಯಂತ್ರಕ್ಕೆ ಕೊಟ್ಟು, ಆಮೇಲೆ ಕಂಪ್ಯೂಟರ್ ಕಲಿತವರು. ಆ ಮೂರು ಬೆರಳಿನಲ್ಲಿ ಅವರು ಕೀಲಿಮಣೆ ಕುಟ್ಟುವ ವೇಗ ನನ್ನ ಹತ್ತಕ್ಕೂ ಬರಲಿಲ್ಲ. ಹುಬ್ಬಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ. ನಮಗೆಲ್ಲ ಅವರು ಸಿಸ್ಟಮ್ ಸರ್.

ರೋಗಿಗಳ ಸ್ಕ್ಯಾನುಗಳೆಲ್ಲ ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಸೆಂಟರಿನ ಎಲ್ಲ ಕಂಪ್ಯೂಟರುಗಳೂ ಅದಕ್ಕೆ ಜೋಡಣೆ. ಯಾರು ಯಾವ ಫೋಲ್ಡರ್ ನೋಡಬಹುದು, ಯಾರು ಅಳಿಸಬಹುದು ಎಂಬುದನ್ನು ಸರ್ ನಿರ್ಧರಿಸುತ್ತಿದ್ದರು. ಸಹಿ ಮಾಡಿದ ಚೀಟಿ ಇಲ್ಲದೆ ದೊಡ್ಡ ಡಾಕ್ಟರಿಗೂ ಫೋಲ್ಡರ್ ತೆರೆಯುತ್ತಿರಲಿಲ್ಲ. "ನಮ್ಮ ಮಂದಿನ ಅದಾರಲ್ರಿ ಸರ್" ಎಂದರೆ, "ನಮ್ಮ ಮಂದಿ ಅಂತನ ಹೇಳಾಕತ್ತೇನಿ ತಂಗಿ. ಕಳ್ಳ ವರ್ಷಕ್ಕೊಮ್ಮೆ ಬರ್ತಾನ. ನಮ್ಮ ಮಂದಿ ದಿನಾ ಬರ್ತಾರ" ಎನ್ನುವರು. ಬೆನ್ನ ಹಿಂದೆ ನಾವು ಅವರನ್ನು ಚೀಟಿ ಸರ್ ಎಂದು ಆಡಿಕೊಳ್ಳುತ್ತಿದ್ದೆವು.

ಅವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಖರ್ಚೆಲ್ಲ ಕೆಲಸದ ಜೊತೆ ಬಂದ ವಿಮೆಯಿಂದ. ಕೆಲಸ ಹೋದರೆ ವಿಮೆಯೂ ಹೋಯಿತು, ಇದು ನಮಗೆಲ್ಲ ಗೊತ್ತಿತ್ತು. ಅವರಿಲ್ಲದಾಗ ಫೋಲ್ಡರುಗಳ ಹಕ್ಕು ನೋಡಿಕೊಳ್ಳುವುದಕ್ಕೆ ನನಗೆ ಬೇರೆ ಅಡ್ಮಿನ್ ಖಾತೆ ಮಾಡಿಕೊಡಲು ಮಾಲೀಕರ ಸಹಿ ಬೇಕು, ಮಾಲೀಕರು ಊರಲ್ಲಿಲ್ಲ. ಹೀಗಾಗಿ ತಮ್ಮ ಪಾಸ್‌ವರ್ಡನ್ನೇ ನನ್ನ ಕಿವಿಯಲ್ಲಿ ಹೇಳಿ ಆಸ್ಪತ್ರೆಗೆ ಹೋದರು. ಜೀವನದಲ್ಲಿ ಅವರು ಮುರಿದದ್ದು ಅದೊಂದೇ ನಿಯಮವಿರಬೇಕು.

ಆ ದಿನ ಮೇಲಿನ ಮಹಡಿಯಿಂದ, ಕೌಂಟರಿನಿಂದ ಫೋನೋ ಫೋನು. ಇದು ತೆರೆಯುತ್ತಿಲ್ಲ, ಅದು ತೆರೆಯುತ್ತಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಮುಖ್ಯ ಫೋಲ್ಡರಿಗೇ ಹೋಗಿ ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟುಬಿಟ್ಟೆ: ನೋಡುವುದು, ಬದಲಿಸುವುದು, ಅಳಿಸುವುದು. ಸಂಜೆ ತಿರುಗಿ ಮುಚ್ಚಿದರಾಯಿತು ಎಂದುಕೊಂಡೆ. "ಸರ್‌ಗಿಂತ ನೀನ ಛಲೋ ನೋಡವಾ" ಎಂದು ಕೌಂಟರಿನಾಕೆ ಹೊಗಳಿದಳು. ಹೊಗಳಿಕೆಗೆ ಉಬ್ಬಿ ಮುಚ್ಚುವುದನ್ನೇ ಮರೆತೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಾಲ್ಕನೆಯ ದಿನ, ಸರ್ ಕೆಲಸಕ್ಕೆ ಮರಳುವ ಮೊದಲೇ, ಅದೇ ಕೌಂಟರಿನಾಕೆ, ತನ್ನ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು, ಹಳೆಯ ಸ್ಕ್ಯಾನುಗಳನ್ನು ಅಳಿಸಿದಳು. ಅವು ತನ್ನಲ್ಲಿರುವ ನಕಲು ಎಂದು ತಿಳಿದಿದ್ದಳು ಪಾಪ. ಅಳಿದದ್ದು ಮೂಲ. ಬ್ಯಾಕಪ್ ಡಿಸ್ಕ್ ಕೆಟ್ಟು ತಿಂಗಳಾಗಿತ್ತು; ಹೊಸದು ಬೇಕೆಂದು ಸರ್ ಬರೆದ ಪತ್ರ ಮಾಲೀಕರ ಮೇಜಿನ ಮೇಲೆ ಬಿದ್ದಿತ್ತು. ಅಮ್ಮಿನಬಾವಿಯಿಂದ ಬಂದ ಹೆಂಗಸೊಬ್ಬಳ ತಲೆಯ ಗಡ್ಡೆ ಬೆಳೆದಿದೆಯೋ ಇಲ್ಲವೋ ಎಂದು ಹೋಲಿಸಲು ಡಾಕ್ಟರ್ ಹಳೆಯ ಸ್ಕ್ಯಾನ್ ಹುಡುಕಿದಾಗಲೇ ವಿಷಯ ಹೊರಬಿದ್ದದ್ದು.

ಊರಿಂದ ಮರಳಿದ ಮಾಲೀಕರು ನಮ್ಮನ್ನೆಲ್ಲ ಕರೆದರು. ಹಕ್ಕು ಬದಲಿಸಿದವರು ಯಾರೆಂದು ತೋರಿಸುವ ಲಾಗ್‌ನಲ್ಲಿ ಸಿಸ್ಟಮ್ ಸರ್ ಹೆಸರಿತ್ತು. ಪಕ್ಕದಲ್ಲಿ ಸಮಯ. ಆ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದರು. ಸರ್ ಸಮಯ ಓದಿದರು, ನನ್ನತ್ತ ನೋಡಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಾನು ನೆಲ ನೋಡಿದೆ.

"ನನ್ನ ಖಾತೇದಿಂದನ ಆಗೇತ್ರಿ. ಜವಾಬ್ದಾರಿ ನಂದು" ಎಂದರು.

ಅಂದೇ ಅವರನ್ನು ಕೆಲಸದಿಂದ ತೆಗೆದರು. ಅವರ ಕುರ್ಚಿಗೆ ನನ್ನನ್ನೇ ಕೂರಿಸಿದರು. ಅತ್ತ ವಿಮೆ ನಿಂತಿತು. ಮೂರು ಸಲದ ಡಯಾಲಿಸಿಸ್ ಎರಡಾಯಿತು, ಆಮೇಲೆ ಒಂದು. ನವನಗರದ ಅವರ ಮನೆ ನನ್ನ ಬಸ್ಸಿನ ದಾರಿಯಲ್ಲೇ ಇತ್ತು. ದಿನಾ ಆ ನಿಲ್ದಾಣ ಬಂದಾಗ ಮೊಬೈಲ್ ನೋಡುತ್ತ ಕೂತಿರುತ್ತಿದ್ದೆ. ಎಂಟು ತಿಂಗಳಿಗೆ ಅವರು ತೀರಿಕೊಂಡರು.

ಕಾರ್ಯವೆಲ್ಲ ಮುಗಿದ ಮೇಲೆ ಹೋದೆ. ಅವರ ಹೆಂಡತಿಯ ಮುಂದೆ ಕೂತು, ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಅತ್ತೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ನನಗ ಗೊತ್ತೈತಿ ತಂಗಿ, ಅವತ್ತ ಹೇಳಿದ್ರು. ಬಾಗಲಾ ಸಪ್ಪಳಾದಾಗೊಮ್ಮೆ, ಆ ಹುಡುಗಿ ಬಂದ್ಲೇನು ನೋಡ ಅಂತಿದ್ರು. ಬೈಯಾಕ ಅಲ್ಲ. ಪಾಪ, ಮಾಡಿದ್ದನ್ನ ಒಬ್ಬಾಕಿನ ಒಳಗ ಇಟಗೊಂಡು ಸಾಯಾಕತ್ತಿರ್ತಾಳ, ಬಂದ್ರ ಹೋಗ್ಲಿ ಬಿಡು ಅಂತ ಹೇಳಬೇಕು ಅಂತ. ಕಡೀ ದಿನಾನೂ ಕೇಳಿದ್ರು."