ಕೌದಿ ವೆಬ್‌ಸೈಟಿಗೆ ಬಾಯಿ ಬಂತು

ಇದು ೨೦೦೭ರ ಮಾತು. ಆಗ ರಾಮದುರ್ಗದಲ್ಲಿ ನಾವು ನಾಲ್ಕು ಮಂದಿ ಹೆಣ್ಣುಮಕ್ಕಳು ಕೂಡಿ ಕೌದಿ ಹೊಲಿದು ಮಾರುತ್ತಿದ್ದೆವು. ನಾನು, ನೀಲವ್ವ, ಗಂಗವ್ವ, ಮತ್ತೆ ನಮ್ಮೆಲ್ಲರಿಗಿಂತ ಹಿರಿಯರಾದ ಹಾಜರಾಬಿ ಚಾಚಿ. ಕೌದಿ ಅಂದರೆ ಹಾಸಿಕೊಳ್ಳಲು, ಹೊದೆಯಲು ಬರುವ ದಪ್ಪ ಹೊದಿಕೆ. ಹಳೇ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ ಕೈಯಲ್ಲೇ ಹೊಲಿಯಬೇಕು. ಅದಕ್ಕೆ ದೊಡ್ಡ ನೆಲ ಬೇಕು. ನಮ್ಮ ಮನೆಗಳಲ್ಲಿ ಒಂದು ಕೌದಿ ಹಾಸಿದರೆ ಮಂದಿ ಗೋಡೆ ಹತ್ತಿ ಓಡಾಡಬೇಕಾಗಿತ್ತು. ಹಾಗಾಗಿ ಪೇಟೆಯ ಹಿಂದೆ ಒಂದು ಖೋಲಿ ಬಾಡಿಗೆ ಹಿಡಿದಿದ್ದೆವು.

ಆ ಖೋಲಿಯೇ ನಮಗೆ ತವರುಮನೆ. ಅಲ್ಲಿ ಕೂತರೆ ಅತ್ತೆಯ ಮೇಲಿನ ಸಿಟ್ಟು, ಗಂಡನ ಮೇಲಿನ ದೂರು ಎಲ್ಲಾ ಹೊಲಿಗೆಯಲ್ಲೇ ಇಳಿದುಹೋಗುತ್ತಿತ್ತು. ಆದರೆ ಖೋಲಿಯ ಮಾಲೀಕರು ಒಂದು ದಿನ ಬಂದು, "ಯುಗಾದಿ ಮಟಾ ನೋಡತೇನ್ರಿ. ವರ್ಷದ ಕರಾರು ಮಾಡ್ಕೊಳ್ಳೂದಿದ್ರ ಮಾಡ್ಕೋರಿ. ಇಲ್ಲಾಂದ್ರ ಗೊಬ್ಬರದ ಅಂಗಡಿಯವರು ಕೇಳಾಕತ್ತಾರ" ಅಂದರು. ವರ್ಷದ ಕರಾರು ಮಾಡಲು ವರ್ಷದ ಕೆಲಸ ಎಲ್ಲಿತ್ತು? ಖೋಲಿ ಹೋದರೆ ನಾವು ದಿಕ್ಕಿಗೊಬ್ಬರು ಆಗುವುದು ಖಂಡಿತವಾಗಿತ್ತು.

ಅದೇ ಹೊತ್ತಿಗೆ ಬೆಂಗಳೂರಿನಿಂದ ಸುಮಿತ್ರಾ ಮೇಡಂ ಅನ್ನುವವರ ಫೋನ್ ಬಂತು. ಬೆಳಗಾವಿಯ ಪ್ರದರ್ಶನವೊಂದರಲ್ಲಿ ನಮ್ಮ ಕೌದಿ ಕೊಂಡಿದ್ದರಂತೆ. ಅವರು, ಅವರ ಅಣ್ಣ ಕೂಡಿ ಅತಿಥಿಗೃಹ ಕಟ್ಟಿಸಿದ್ದಾರೆ, ಎಲ್ಲಾ ಕೋಣೆಗೂ ಕೌದಿ ಹಾಕುವ ಆಸೆ. "ಆದರೆ ನಮ್ಮಣ್ಣ ಒಪ್ಪಬೇಕು. ನಿಮ್ಮದೊಂದು ವೆಬ್‌ಸೈಟ್ ಇದ್ದರೆ ಹೇಳಿ, ನೋಡಲಿ" ಅಂದರು. ನಾನು ಜಂಬದಿಂದ, "ತಯಾರ ಆಗಾಕತ್ತೈತ್ರಿ ಮೇಡಂ" ಅಂದೇಬಿಟ್ಟೆ.

ಫೋನಿಟ್ಟ ಕೂಡಲೇ ಗಂಗವ್ವ, "ಅದೇನಕ್ಕಾ ತಯಾರ ಆಗಾಕತ್ತಿದ್ದು?" ಅಂದಳು. "ನನಗೂ ಗೊತ್ತಿಲ್ಲವಾ, ಸುಮ್ಕಿರು" ಅಂದೆ.

ನನ್ನ ಸೋದರಮಾವನ ಮಗ ಮಹಾಂತೇಶ ಬೆಳಗಾವಿಯಲ್ಲಿ ವೆಬ್‌ಸೈಟ್ ಮಾಡುವ ಕೆಲಸ ಕಲಿತಿದ್ದ. ಅವನ ಕಿವಿ ಹಿಂಡಿದೆ. ವಾರದೊಳಗೆ, "ಭಾಳ ಚಂದ ಆಗೇತಿ ಅಕ್ಕಾ, ನೋಡ್ರಿ" ಅಂತ ಫೋನ್ ಮಾಡಿದ. ನಾಲ್ವರೂ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ತೆಗೆದು ಉಟ್ಟು ಸೈಬರ್ ಕೆಫೆಗೆ ಹೋದೆವು. ಮದುವೆಗೆ ಬಂದವರು ದಾರಿ ತಪ್ಪಿದರೇನೋ ಅನ್ನುವ ಹಾಗೆ ಕೆಫೆಯವನು ನೋಡಿದ.

ಆಗಿನ ಇಂಟರ್‌ನೆಟ್ ನಿಮಗೆ ಗೊತ್ತಲ್ಲ, ಪೇಜು ಮೇಲಿಂದ ಸಾವಕಾಶ ಇಳಿಯಿತು. ಮೊದಲು ತಿರುಗುವ ಹೂವು ಬಂತು. ಆಮೇಲೆ ಬಿಳೀ ಹಾಸಿಗೆ. ಹಾಸಿಗೆಯ ಮೇಲೆ ಹಳದಿ ಕೂದಲಿನ ಪರದೇಶದ ಹೆಂಗಸೊಬ್ಬಳು ಹಾಯಾಗಿ ಮಲಗಿದ್ದಳು.

"ಯಾರವಾ ಇಕಿ? ನಮ್ಮ ಖೋಲಿಗೆ ಯಾವಾಗ ಬಂದು ಮಲಗಿದ್ಲು?" ಅಂದಳು ನೀಲವ್ವ. ನಗು ತಡೆಯಲಾಗದೆ ಗಂಗವ್ವ ಸೆರಗು ಬಾಯಿಗೆ ಇಟ್ಟುಕೊಂಡಳು.

ಕೆಳಗೆ ಚಂದಚಂದದ ಚೌಕಗಳಿದ್ದವು. ಒಳಗೆ ಸಣ್ಣ ಅಕ್ಷರ. ನಾನು ಪಿಯುಸಿ ಓದಿದವಳು, ಇಂಗ್ಲಿಷ್ ಓದಲು ಬರುತ್ತದೆ. ಆದರೆ ಅದು ಇಂಗ್ಲಿಷೂ ಅಲ್ಲ! ಮಹಾಂತೇಶನಿಗೆ ಫೋನ್ ಹಚ್ಚಿದೆ. "ಅದಕ್ಕ ಅರ್ಥ ಇಲ್ಲಕ್ಕಾ, ಜಾಗಾ ತುಂಬಾಕ ಹಾಕಿದ್ದು. ಮದಲ ಡಿಸೈನ್, ಆಮ್ಯಾಲ ಮಾತು. ಎಲ್ಲಾರೂ ಹಂಗ ಮಾಡತಾರ. ಚೌಕಕ್ಕ ಎರಡೆರಡು ಸಾಲು ಬರದು ಕಳಸ್ರಿ" ಅಂದ.

ಎರಡು ಸಾಲಿನಲ್ಲಿ ಏನು ಬರೆಯುವುದು? "ಉತ್ತಮ ಗುಣಮಟ್ಟ, ಆಕರ್ಷಕ ಬಣ್ಣ, ಒಮ್ಮೆ ಭೇಟಿ ಕೊಡಿ" ಅಂತ ಬರೆದೆ. ಬಟ್ಟೆ ಅಂಗಡಿಯ ಕೈಚೀಲದ ಮೇಲೂ ಅದೇ ಇರುತ್ತದೆ. ಅವನು ಅದನ್ನೇ ಹಾಕಿದ. ನಾನು ಮೇಡಂಗೆ ಪೇಜಿನ ವಿಳಾಸ ಹೇಳಿದೆ.

ಎರಡು ದಿನ ಬಿಟ್ಟು ಮೇಡಂ ಫೋನ್ ಮಾಡಿದರು. "ಪೇಜು ಚೆನ್ನಾಗಿದೆ ಕಣ್ರೀ. ಆದರೆ ಇವರು ಮಾರೋದು ಹಾಸಿಗೇನಾ, ಮಂಚಾನಾ ಅಂತ ನಮ್ಮಣ್ಣ ಕೇಳ್ತಿದಾರೆ. ಹಳೇ ಸೀರೆಯದು ಅಂತ ನಾನು ಹೇಳಿದ್ದಕ್ಕೆ ಬೇಡವೇ ಬೇಡ ಅಂದ್ರು. ಸೋಮವಾರ ಬೇರೆಯವರಿಗೆ ಹೇಳಿಬಿಡ್ತಾರಂತೆ." ಖೋಲಿಯಲ್ಲಿ ಹೇಳಿದಾಗ ಗಂಗವ್ವ ಕೈಯಲ್ಲಿದ್ದ ತುಂಡು ಮಡಚಿ ಗಂಟಿಗೆ ಹಾಕಿದಳು.

ದುಃಖಕ್ಕಿಂತ ನನಗೆ ಸಿಟ್ಟೇ ಹೆಚ್ಚು ಬಂತು. ಮಹಾಂತೇಶನಿಗೆ, "ಇದ್ದಹಂಗ ಬಸ್ ಹತ್ತು" ಅಂದೆ. ಶನಿವಾರ ಬಂದ. ನೆಲದ ಮೇಲೆ ಅರ್ಧ ಹೊಲಿದ ಕೌದಿ ಹಾಸಿತ್ತು. ಅದರ ಮುಂದೆಯೇ ಅವನನ್ನು ಕೂರಿಸಿ ಕೇಳಿದೆ:

"ಇದರ ಚೌಕ ನಾವು ಯಾವಾಗ ಕತ್ತರಿಸೇವಿ ಹೇಳು? ಅರಿವಿ ಗಂಟು ಬಿಚ್ಚಿ, ಕೆಂಪು ಬಟ್ಟಿ ಎಷ್ಟೈತಿ, ಹಸರು ಎಷ್ಟೈತಿ ನೋಡಿದ ಮ್ಯಾಲ. ಇದ್ದ ಅರಿವೀನ ಡಿಸೈನ್ ಹೇಳತೈತಿ. ನೀ ಖಾಲಿ ಚೌಕ ಮಾಡಿಟ್ಟು, ಅದಕ್ಕ ಸರಿಯಾಗಿ ಅರಿವಿ ತಾ ಅಂತೀಯಲ್ಲೋ! ಕೂಸು ಹುಟ್ಟೂ ಮದಲ ಕುಲಾವಿ ಹೊಲಿಸ್ದಂಗಾತು."

ಚುರಮುರಿ ತಿನ್ನುತ್ತಿದ್ದವನು ಬಾಯಿ ನಿಲ್ಲಿಸಿದ. ಆಮೇಲೆ ಜೋರಾಗಿ ನಕ್ಕ. "ಹೌದಲಾ ಅಕ್ಕಾ! ಎಲ್ಲಾ ಅಳಿಸಿ ಬಿಡತೇನಿ. ನೀವು ಮಾತಾಡ್ರಿ, ನಾ ಕೇಳತೇನಿ. ಮದಲ ಇದನ್ನ ಹೇಳ್ರಿ, ಹಳೇ ಅರಿವೀನ ಯಾಕ?"

ಚಾಚಿ ಸೂಜಿ ಬಿಡದೆ ಹೇಳಿದರು: "ಹೊಸ ಅರಿವಿ ಬಿರುಸು ಇರತೈತಿ ಬೇಟಾ. ಒಗದು ಒಗದು ಮೆತ್ತಗಾದದ್ದು ಮೈಗೆ ಹತ್ತತೈತಿ. ಕೂಸು ಹುಟ್ಟಿದ ಕೂಡ್ಲೇ ಹಳೇ ಸೀರ್ಯಾಗ ಸುತ್ತತೇವಿ. ಹೊಸಾದ್ರಾಗ ಯಾರ ಸುತ್ತತಾರ?"

ನಾನು ಬರೆದುಕೊಳ್ಳತೊಡಗಿದೆ. ಕುದಿಯುವ ನೀರಲ್ಲಿ ಸೀರೆ ಒಗೆದು ಮಲಪ್ರಭೆಯ ದಂಡೆಗೆ ಒಣಹಾಕುವುದನ್ನು ನೀಲವ್ವ ಹೇಳಿದಳು. ಕೌದಿಯ ಕಡೇ ಮೂಲೆ ಮುಚ್ಚುವ ಮೊದಲು ಒಳಗೆ ಹೋಳಿಗೆಯ ಚೂರು ಇಡುವ ನಮ್ಮ ಪದ್ಧತಿ ಹೇಳಿದವಳು ಗಂಗವ್ವ. "ಹಸದ ಕೌದಿ ನಿದ್ದಿ ಕೊಡಂಗಿಲ್ಲ" ಅಂದಳು. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಾಯಿ ಹಾಕುತ್ತಾ, ಚಹಾ ಕುಡಿಯುತ್ತಾ ಸಂಜೆಯಾಯಿತು.

ಭಾನುವಾರ ಮಹಾಂತೇಶ ಸೈಬರ್ ಕೆಫೆಯಲ್ಲೇ ಠಿಕಾಣಿ ಹೂಡಿದ. ಹಳದಿ ಕೂದಲಿನಾಕೆಯನ್ನು ಎಬ್ಬಿಸಿ ಕಳಿಸಿದ. ಚಾಚಿಯ ಮಾತು ಎಲ್ಲಕ್ಕಿಂತ ಮೇಲೆ ದೊಡ್ಡದಾಗಿ ಕೂತಿತು, ಉಳಿದವು ಕೆಳಗೆ. ಇಂಗ್ಲಿಷಿನಲ್ಲೂ ಹಾಕಿದ. ಚೌಕ ಇಲ್ಲ, ಹೂವು ಇಲ್ಲ, ಒಂದು ಕೌದಿಯ ಫೋಟೋ ಅಷ್ಟೇ. ಆ ಪೇಜು ಎಷ್ಟು ಚಂದ ಕಾಣಿಸಿತು ಅಂತೀರಿ!

ಚಾಚಿಗೆ ಓದಲು ಬಾರದು. ನಾನು ಗಟ್ಟಿಯಾಗಿ ಓದಿದೆ. ಕೇಳುತ್ತಾ ಕೇಳುತ್ತಾ ಅವರು ನನ್ನ ಕೈ ಹಿಡಿದರು. "ಇದು ನಾ ಅಂದದ್ದಲ್ಲೇನ? ಮನ್ಯಾಗ ಮಾತಾಡಿದ್ರ ಸುಮ್ಕುಂದ್ರು ಅಂತಾರವಾ. ಇದನ್ನ ಬೆಂಗಳೂರಿನವರು ಓದತಾರ?" ಅಂದರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು.

ಅವತ್ತು ರಾತ್ರಿಯೇ ಮೇಡಂಗೆ ಫೋನ್ ಹಚ್ಚಿ, ಪೇಜನ್ನು ಅಣ್ಣನವರಿಗೆ ಇನ್ನೊಮ್ಮೆ ತೋರಿಸಿರಿ ಅಂದೆ. ಸೋಮವಾರ ಫೋನ್ ಮಾಡಿದ್ದು ಮೇಡಂ ಅಲ್ಲ, ಅವರ ಅಣ್ಣ. ಬೇಡ ಅನ್ನಲಿಕ್ಕೇ ಮಾಡಿರಬೇಕು ಅಂದುಕೊಂಡೆ. "ನೀವು ಬರೆದದ್ದು ಓದಿದೆ ಅಮ್ಮಾ. ಎಲ್ಲಾ ಕೋಣೆಗೂ ಕೌದಿ ಬೇಕು, ವರ್ಷಪೂರ್ತಿ ಹೊಲಿದುಕೊಡಿ" ಅಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದರು: "ನಮ್ಮ ತಾಯಿ ಹೋದ ಮೇಲೆ ಅವರ ಸೀರೆಗಳನ್ನ ಏನು ಮಾಡಬೇಕು ತಿಳೀದೆ ಹಾಗೇ ಇಟ್ಟಿದ್ದೀನಿ. ಕಳಿಸಿದರೆ ನನಗೊಂದು ಹೊಲಿದುಕೊಡ್ತೀರಾ?"

"ಕಳಸ್ರಿ ಅಣ್ಣಾರ" ಅಂದೆ, ಅಷ್ಟೇ. ಅವತ್ತು ನಾವು ಖೋಲಿಯಲ್ಲಿ ಕುಣಿದದ್ದನ್ನು ಬರೆದರೆ ನೀವು ನಂಬುವುದಿಲ್ಲ. ಯುಗಾದಿಗೆ ಮೊದಲೇ ಖೋಲಿಯ ಕರಾರು ಮಾಡಿಕೊಂಡೆವು.

ಈಗಲೂ ಯಾರಾದರೂ ಹೊಸ ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಹಚ್ಚಿಸಲಿ ಅಂತ ಕೇಳಿದರೆ, "ಬಣ್ಣ ಇರಲಿ ಬಿಡ್ರಿ, ಮದಲ ಏನ್ ಹೇಳಾವ್ರದೀರಿ ಅದನ್ನ ಹೇಳ್ರಿ" ಅನ್ನುತ್ತೇನೆ. ಆದರೆ ಒಳಗೆ ನೆನಪಾಗುವುದು ಬೇರೆಯೇ. ಆ ತಾಯಿಯ ಸೀರೆಗಳ ಗಂಟು ಬಂದ ದಿನ, ಯಾವ ಮಾತಿಗೂ ಸುಮ್ಮನಿರದ ನೀಲವ್ವ ಕೂಡ ಮೆತ್ತಗೆ ಗಂಟು ಬಿಚ್ಚಿ, ಒಂದು ಸೀರೆಯನ್ನು ಕೆನ್ನೆಗೆ ಒತ್ತಿಕೊಂಡು, "ಎಷ್ಟು ಮೆತ್ತಗ ಐತಿ ನೋಡ್ರಿ" ಅಂದಿದ್ದಳು.