ನಮ್ಮ ಮಹಡಿಯ ಹಾಸ್ಯಗಾರ

ನಮ್ಮ ಮಹಡಿಯ ಹಾಸ್ಯಗಾರ ವಾರವೆಲ್ಲ ನೀರು ಸರಬರಾಜು ಕಚೇರಿಯ ಗುಮಾಸ್ತ; ಭಾನುವಾರ ಸಂಜೆ ಕ್ಲಬ್ಬಿನ ವೇದಿಕೆಯ ಮೇಲೆ ಮಾತ್ರ ಅವನು ಇನ್ಯಾರೋ. ಮೆಟ್ಟಿಲ ಮೇಲೆ ಯಾರು ಕೆಮ್ಮಿದರೂ ಅವನ ಬಾಗಿಲು ತೆರೆಯುತ್ತದೆ. ಮುಂದಿನ ವಾರ ಆ ಕೆಮ್ಮಿಗೆ ಚಪ್ಪಾಳೆ ಬೀಳುತ್ತದೆ. ಕುಂಟುಗಾಲಿನ ಅಂಚೆಯವನು ಅವನ ಮನೆಯ ಮುಂದೆ ಮಾತ್ರ ಹಲ್ಲುಕಚ್ಚಿ ನೆಟ್ಟಗೆ ನಡೆಯುತ್ತಾನೆ. ಪ್ರದರ್ಶನದ ಮರುದಿನ ನನ್ನನ್ನು ಅಡ್ಡಗಟ್ಟಿ, "ನಿಜ ಹೇಳಿ ಮೇಡಂ, ಎಲ್ಲಿಂದ ಡಲ್ ಆಯ್ತು?" ಎಂದು ಕೇಳುತ್ತಾನೆ. "ನೀನು ಬಾಯಿ ತೆರೆದಾಗಿನಿಂದ" ಎಂದರೆ ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ನಾಚಿಕೆಗೆಟ್ಟವನು. ಆದರೂ ದಿನೇ ದಿನೇ ಪಳಗುತ್ತಿದ್ದಾನೆ, ನನ್ನ ಸಿಟ್ಟೇ ಅದು. ಈಗ ಅವನಿಗೆ ಹೆಸರು ತಂದಿರುವ ಪಾತ್ರ ಕೈ ನಡುಗುವ ಮುದುಕಿ. ಆ ಕೈ ಅವನನ್ನು ಸಾಕಿ ಬೆಳೆಸಿದ ಸ್ವಂತ ಅಕ್ಕನದು. ಲೋಟ ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ನೀರನ್ನು ಎದೆಗೆ ಚೆಲ್ಲಿಕೊಳ್ಳುತ್ತಾನೆ, ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಮೊನ್ನೆ ತಡೆಯಲಾರದೆ ಅವನ ಅಕ್ಕನ ಬಳಿಗೇ ಹೋದೆ. "ಅವನ ಕಿವಿ ಹಿಂಡಬಾರದೇನ್ರೀ? ನಿಮ್ಮ ಕಾಯಿಲೆ ತೋರಿಸಿ ಊರನ್ನ ನಗಿಸ್ತಾನೆ" ಎಂದೆ. ಆಕೆ ನನಗೆ ನೀರು ಕೊಟ್ಟು, "ಸುಮ್ನಿರಿ ಮೇಡಂ. ಮೊದಲು ತಟ್ಟೆ ಎತ್ಕೊಂಡು ರೂಮಿಗೆ ಹೋಗಿ ಬಾಗಿಲು ಹಾಕ್ಕೋತಿದ್ದ. ಈಗ ದಿನಾ ಒಂದು ಗಂಟೆ ಎದುರಿಗೆ ಕೂತು ನನ್ನನ್ನೇ ನೋಡ್ತಾನೆ. ಹೊಸ ಮಾತ್ರೆಗೆ ನಡುಕ ನಿಂತಿದೆ ಅಂತ ಅವನಿಗೆ ಹೇಳಿಬಿಟ್ಟೀರಿ ಮತ್ತೆ" ಎಂದರು. ಬಾಗಿಲಲ್ಲಿ ಅವನ ಚಪ್ಪಲಿ ಸದ್ದಾಯಿತು. ನನಗೆ ಒಂದು ಹನಿಯೂ ಚೆಲ್ಲದಂತೆ ನೀರು ಕೊಟ್ಟಿದ್ದ ಕೈ, ಮೇಜಿನ ಮೇಲಿದ್ದ ಲೋಟವನ್ನು ಎತ್ತಿಕೊಂಡು ನಡುಗತೊಡಗಿತು.